ಸಿಳ್ಳಿಗೆ ಓಗೊಟ್ಟ ಟಗರು

ಹೆಂಗಸು ಸಿಳ್ಳು ಹಾಕಿದರೆ ಮನೆಗೆ ದರಿದ್ರ ಹತ್ತುತ್ತದೆ ಎನ್ನುವವರು ಮಸಗುಪ್ಪಿಯಲ್ಲಿ ಈಗಲೂ ಇದ್ದಾರೆ. ಯಲ್ಲಕ್ಕನ ಮನೆಗೆ ಹತ್ತಿದ ದರಿದ್ರ ಯಾವುದೆಂದು ಕೇಳಿದರೆ ಮಾತ್ರ ಅವರ ಬಳಿ ಉತ್ತರವಿಲ್ಲ. ದೊಡ್ಡಿಯ ತುಂಬ ಕುರಿಗಳಿವೆ, ಮನೆಯಲ್ಲಿ ವರ್ಷಕ್ಕಾಗುವಷ್ಟು ಜೋಳವಿದೆ. ಗಂಡ ಸಿದ್ರಾಯನ ಬಾಯಲ್ಲಿ ಮುಂದಿನ ಹಲ್ಲಿಲ್ಲ ಎನ್ನುವುದೊಂದನ್ನು ಬಿಟ್ಟರೆ ಕಡಿಮೆಯಾದದ್ದು ಏನೂ ಇಲ್ಲ.

ಅವಳ ಸಿಳ್ಳು ಶುರುವಾದದ್ದೂ ಆ ಹಲ್ಲಿನಿಂದಲೇ. ಸಿದ್ರಾಯ ಯಾರದೋ ಮೋಟರಸೈಕಲ್ ಇಸಿದುಕೊಂಡು ಧುಪದಾಳಕ್ಕೆ ಹೋದವನು, ಬರುವಾಗ ಕಾಲುವೆಯ ದಂಡೆಗೆ ಮುಖ ಕೊಟ್ಟು ಬಿದ್ದ. ಹಲ್ಲು ಹೋದದ್ದಕ್ಕೆ ಅವನು ಅಳಲಿಲ್ಲ. ಸಿಳ್ಳು ಹೋದದ್ದಕ್ಕೆ ಅತ್ತ. ಕುರಿ ಕಾಯುವವನಿಗೆ ಕೋಲಿಗಿಂತ ಸಿಳ್ಳು ದೊಡ್ಡದು. ನಾಲಿಗೆ ಮಡಚಿ, ಎರಡು ಬೆರಳಿಟ್ಟು, ಉದ್ದಕ್ಕೆ ಒಂದು ಸಿಳ್ಳು ಹಾಕಿದರೆ ‘ನನ್ನ ಕಡೆ ಬಾ’ ಎಂದರ್ಥ. ಹಲ್ಲಿಲ್ಲದ ಬಾಯಿಂದ ಬರೀ ಗಾಳಿ ಬಂತು. ಕುರಿಗಳು ತಲೆ ಎತ್ತಿ ನೋಡಿ, ಯಾರೋ ಕೆಮ್ಮಿದರೆಂದು ಮತ್ತೆ ಮೇಯತೊಡಗಿದವು.

ಆಗ ಯಲ್ಲಕ್ಕ ಕಬ್ಬಿನ ಹೊಲದ ಮರೆಯಲ್ಲಿ ಕೂತು, ತುಟಿ ಬಾಯುವ ತನಕ ಸಿಳ್ಳು ಕಲಿತಳು. ಕಲಿತ ಮೇಲೆ ಮರೆಯಲ್ಲಿ ಹಾಕಲಿಲ್ಲ.

ಅದೇ ವರ್ಷ ಒಂದು ಕುರಿ ಈಯುವಾಗ ಸತ್ತು, ಮರಿ ಉಳಿಯಿತು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬಿಳಿ ಚಂದ್ರ. ಮರಿಯನ್ನು ಬುಟ್ಟಿಯ ಕೆಳಗಿಟ್ಟು, ಆಡಿನ ಹಾಲು ಕುಡಿಸಿ ಬೆಳೆಸಿದಳು. ಚಂದ್ರ್ಯಾ ಎಂದು ಕರೆದಳು. ಸಿಳ್ಳು ಹಾಕಿದಾಗ ಅದು ಓಡಿ ಬಂದರೆ ಉಡಿಯಿಂದ ಒಂದು ಹಿಡಿ ಗೋವಿನಜೋಳ ಕೊಡುವಳು. ಕಾಳಿಲ್ಲದ ದಿನ ಕೋಡಿನ ನಡುವೆ ತುರಿಸುವಳು. ಕರೆದು ಸುಮ್ಮನೆ ಕಳಿಸಿದ್ದು ಎಂದೂ ಇಲ್ಲ. ಪ್ರೀತಿಗಾಗಿ ಅವಳು ಹೀಗೆ ಮಾಡುತ್ತಿದ್ದಳೆಂದು ತಿಳಿಯಬೇಕಾಗಿಲ್ಲ. ಕರೆದರೆ ಬರಲೇಬೇಕಾದ ಒಂದು ಜೀವ ಹಿಂಡಿನಲ್ಲಿರಬೇಕಿತ್ತು.

ಯಾಕೆಂದರೆ ಮಸಗುಪ್ಪಿಯಲ್ಲಿ ಕುರಿ ಮೇಯಿಸುವುದು ಕಷ್ಟವಲ್ಲ, ರಸ್ತೆ ದಾಟಿಸುವುದು ಕಷ್ಟ. ಕಬ್ಬಿನ ಕಾಲದಲ್ಲಿ ಕಾರಖಾನೆಯ ಕಡೆ ಹೋಗುವ ಟ್ರ್ಯಾಕ್ಟರುಗಳಿಗೆ ಎರಡೆರಡು ಡಬ್ಬಿ, ಅಂದರೆ ಟ್ರೇಲರ್, ಕಟ್ಟಿರುತ್ತಾರೆ. ಅಷ್ಟು ಭಾರ ಹೊತ್ತ ಗಾಡಿ ಬ್ರೇಕು ಒತ್ತಿದ ಕೂಡಲೇ ನಿಲ್ಲುವುದಿಲ್ಲ. ಯಲ್ಲಕ್ಕ ಮೊದಲು ತಾನು ದಾಟುವಳು, ಆಚೆ ನಿಂತು ರಸ್ತೆ ಖಾಲಿಯಾಗುವುದನ್ನು ಕಾದು ಒಂದು ಸಿಳ್ಳು ಹಾಕುವಳು. ಚಂದ್ರ್ಯಾ ಕೋಡೆತ್ತಿ ನೇರ ಬರುವನು. ಅವನ ಹಿಂದೆ ಹಿಂಡೆಲ್ಲ, ದಾರಕ್ಕೆ ಪೋಣಿಸಿದ ಹಾಗೆ.

ಸಂಕ್ರಾಂತಿಯ ಮುಂಚೆ ಒಂದು ದಿನ ಯಮಕನಮರಡಿಯಿಂದ ಅವಳ ಅಣ್ಣ ಮಾಲಿಂಗಪ್ಪ, ಮಗ ಅಶೋಕನನ್ನು ಕರೆದುಕೊಂಡು ಬಂದ. ಅಶೋಕ ಕಬಡ್ಡಿ ಆಟಗಾರ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರು ತಾಲೂಕಿನವರು ಸೇರಿ ನಡೆಸುವ ಪಂದ್ಯಾವಳಿಯಲ್ಲಿ ಅವನ ತಂಡದ ಹೆಸರು ‘ಹುಕ್ಕೇರಿ ಟಗರು’.

“ಯಲ್ಲವ್ವಾ, ನಿನ್ನ ಮುಂದ ಉಡಿ ಒಡ್ಡಾಕ ಬಂದೇನಿ,” ಎಂದ ಮಾಲಿಂಗಪ್ಪ.

“ಉಡಿ ಒಡ್ಡೂದು ಹೆಂಗಸರ ಕೆಲಸ. ನೀ ಟಾವೆಲ್ ಒಡ್ಡು ಯಣ್ಣಾ. ಏನ ಬೇಕು?”

ಅಶೋಕ ಕೈ ಉಜ್ಜಿಕೊಂಡ. “ಅತ್ತಿ, ಮೂಡಲಗಿಯವ್ರು ಆಟಕ್ಕ ಹುಂಜ ತರ್ತಾರ. ಗೋಕಾಕದವ್ರು ಬ್ಯಾಟಿ ನಾಯಿ ತರ್ತಾರ. ನಾವು ಟಗರು ಅಂತ ಹೆಸರಿಟ್ಟಕೊಂಡು ಬರೇ ಬ್ಯಾನರ್ ಹಿಡಕೊಂಡು ಹೋದ್ರ ಮಂದಿ ನಗ್ತಾರ. ಚಂದ್ರ್ಯಾನ್ನ ಕೊಡು. ಆಟದ ದಿನ ಒಯ್ತೇವಿ, ಮರುದಿನ ತಂದು ಬಿಡ್ತೇವಿ.”

“ನನ್ನ ಒಯ್ಯಿರಿ,” ಎಂದ ಸಿದ್ರಾಯ ಕಟ್ಟೆಯ ಮೇಲಿಂದ. “ಹಲ್ಲಿಲ್ಲದ ಟಗರು ಯಾರೂ ನೋಡಿರಾಕಿಲ್ಲ.”

ಎಲ್ಲರೂ ನಕ್ಕರು. ನಗುತ್ತಲೇ ಮಾಲಿಂಗಪ್ಪ ಸೊಂಟದ ಚೀಲದಿಂದ ಬೀರಪ್ಪ ದೇವರ ಭಂಡಾರ ತೆಗೆದು, ಆ ಅರಿಶಿನ ಪುಡಿಯನ್ನು ತಂಗಿಯ ಅಂಗೈಗೆ ಹಾಕಿದ. ಹಾಲುಮತದ ಕುರುಬರಲ್ಲಿ ಭಂಡಾರ ಮುಟ್ಟಿ ಕೊಟ್ಟ ಮಾತಿಗೆ ಸಹಿ ಬೇಡ, ಸಾಕ್ಷಿ ಬೇಡ. ಆ ಮಾತು ಮುರಿದವರು ಗುಡಿಯ ಮುಂದೆ ಮಂದಿ ನೋಡುವಂತೆ ತಪ್ಪುಗಾಣಿಕೆ ಹಾಕಬೇಕು. ಹಾಕಿದ ಮೇಲೂ ಊರು ಮರೆಯುವುದಿಲ್ಲ. ತವರಿನವರು ಬಾಯಿಬಿಟ್ಟು ಕೇಳಿದ್ದರು. ಭಂಡಾರ ಅಂಗೈಯಲ್ಲಿತ್ತು. ಭಂಡಾರದ ಮುಂದೆ ಮಾತು ಮೊದಲು ಬರುತ್ತದೆ, ವಿಚಾರ ಹಿಂದಿನಿಂದ.

“ಎಲ್ಲಾ ಆಟ ಮುಗಿಯೂ ತನಕ ಚಂದ್ರ್ಯಾ ನಿಮ್ಮಾಂವ,” ಎಂದಳು ಯಲ್ಲಕ್ಕ.

ಮೊದಲನೆಯ ಪಂದ್ಯ ಗೋಕಾಕದಲ್ಲಿ. ಅವಳು ಹೊಸ ಇಳಕಲ್ ಸೀರೆ ಉಟ್ಟು ಹೋದಳು. ಚಂದ್ರ್ಯಾನ ಕೋಡಿಗೆ ಕೆಂಪು ಬಣ್ಣ ಬಳಿದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ದರ್ಜಿಯಿಂದ ಅಂಗಿ ಹೊಲಿಸಿ ತೊಡಿಸಿದ್ದರು. ಮಂದಿ ಮೇಲೆ ಬಿದ್ದು ಅವನ ಸಂಗಡ ಫೋಟೋ ತೆಗೆಸಿಕೊಂಡರು. ನಮ್ಮ ದೊಡ್ಡಿಯ ಟಗರು ಎಂದು ಬಾಜೂ ಕೂತ ಹೆಂಗಸಿಗೆ ಯಲ್ಲಕ್ಕ ತಾನಾಗಿಯೇ ಹೇಳಿದಳು. ಡಿ.ಜೆ. ಶುರುವಾದಾಗ ಅವಳ ಎದೆಯೇ ಗುಮ್ಮೆಂದಿತು. ಟಗರಿಗೆ ಹೇಗಾಗಿರಬೇಕು ಎಂದುಕೊಂಡಳು. ಆದರೂ ಕೂತಳು.

ಆಮೇಲೆ ಅಂಪೈರ್ ಸೀಟಿ ಊದಿದ.

ಚಂದ್ರ್ಯಾನ ಕಿವಿ ನಿಮಿರಿತು. ಆ ಗದ್ದಲದಲ್ಲಿ ಅವನಿಗೆ ಅರ್ಥವಾಗುವ ದನಿ ಅದೊಂದೇ ಇತ್ತು. ಕೋಡೆತ್ತಿ ಆ ಕಡೆ ಹೊರಟ. ಹಗ್ಗ ಹಿಡಿದವರಿಬ್ಬರು ಹಿಂದಕ್ಕೆ ಜಗ್ಗಿದರು. ಮತ್ತೆ ಸೀಟಿ, ಮತ್ತೆ ಹೊರಟ, ಮತ್ತೆ ಜಗ್ಗಿದರು. ಗುಂಪಿನಲ್ಲಿದ್ದವರೂ ಬೆರಳಿಟ್ಟು ಸಿಳ್ಳು ಹಾಕತೊಡಗಿದರು: ಈ ಕಡೆಯಿಂದ, ಆ ಕಡೆಯಿಂದ, ಬೆನ್ನ ಹಿಂದಿನಿಂದ. ಟಗರು ಒಮ್ಮೆ ಇತ್ತ ಹೊರಳಿತು, ಒಮ್ಮೆ ಅತ್ತ. ಪ್ರತಿ ಸಲವೂ ಹಗ್ಗ ಕೊರಳಿಗೆ ಕೂತಿತು.

“ನೋಡ್ರಲೇ, ಟಗರು ಹಾಯಾಕ ನಿಂತೈತಿ! ಎದುರಾಳಿ ಮ್ಯಾಲ ಸಿಟ್ಟು ನೋಡ್ರಿ ಅದಕ್ಕ!” ಎಂದು ಮೈಕಿನವನು ಕೂಗಿದ. ಮೈದಾನವೆಲ್ಲ ಹೋ ಎಂದಿತು.

ಅದು ಸಿಟ್ಟಲ್ಲ, ವಿಧೇಯತೆ ಎಂದು ಅಷ್ಟು ಮಂದಿಯಲ್ಲಿ ತಿಳಿದದ್ದು ಯಲ್ಲಕ್ಕನಿಗೆ ಮಾತ್ರ. ಕರೆದರೆ ಬರಬೇಕು ಎಂದು ಕಲಿಸಿದವಳು ಅವಳೇ. ಎದ್ದು ಹೋಗಿ ಹಗ್ಗ ಬಿಚ್ಚಲು ಅವಳಿಗೆ ಅಡ್ಡಿ ಇದ್ದದ್ದು ಭಂಡಾರ ಮುಟ್ಟಿ ಕೊಟ್ಟ ಮಾತು ಒಂದೇ. ಸಂಜೆ ಅಣ್ಣನಿಗೆ ಹೇಳಿದಳು.

“ಯಣ್ಣಾ, ಅದು ಹಾಯಾಕ ಹೊಂಟಿದ್ದಿಲ್ಲ. ಸಿಳ್ಳು ಕೇಳಿ ಬರಾಕ ಹೊಂಟಿತ್ತು.”

“ಯಾತಕ್ಕರ ಹೊಂಡಲಿ ಬಿಡವಾ. ಟೀಮ್ ಗೆದ್ದೈತಿ. ಆಟಕ್ಕ ಕಳೆ ಬಂದಿದ್ದ ಅದರಿಂದ.”

ತಂಡ ಗೆದ್ದಿತ್ತು. ಗೆದ್ದವರ ಮುಂದೆ ಮಾತು ನಡೆಯುವುದಿಲ್ಲ.

ಮೂಡಲಗಿಯ ಪಂದ್ಯಕ್ಕೆ ಅವಳು ಹೋಗಲಿಲ್ಲ. ಮನೆಯಲ್ಲಿ ಕಂಬಳಿಗೆ ಉಣ್ಣೆ ಹಿಂಜುತ್ತ ಕೂತಳು. ಹೋಗದಿದ್ದರೆ ನೋಡುವುದು ತಪ್ಪುತ್ತದೆ, ನೋಡದಿದ್ದರೆ ಆದದ್ದು ಆಗಿಲ್ಲ ಎಂದು ಮನುಷ್ಯರು ತಿಳಿಯುವುದು ಹೊಸದೇನೂ ಅಲ್ಲ. ಮರುದಿನ ಗಾಡಿಯಿಂದ ಇಳಿದ ಚಂದ್ರ್ಯಾನ ಕೊರಳ ಕೆಳಗೆ ಕೂದಲು ಕಿತ್ತು ಚರ್ಮ ಕೆಂಪಗಾಗಿತ್ತು. ಅವಳು ಅರಿಶಿನ, ಎಣ್ಣೆ ಕಲಸಿ ಹಚ್ಚಿದಳು. ಅವನು ಸುಮ್ಮನೆ ನಿಂತ. ಕೈಯಲ್ಲಿದ್ದ ಕಾಳನ್ನು ಮೂಸಿ ಬಿಟ್ಟ.

“ಗಾಯ ಮಾಯತೈತಿ,” ಎಂದ ಸಿದ್ರಾಯ.

“ಗಾಯ ಮಾಯತೈತಿ ಬಿಡ್ರಿ,” ಎಂದಳು ಯಲ್ಲಕ್ಕ, ಬೇರೆ ದನಿಯಲ್ಲಿ.

ಒಂದೆರಡು ದಿನದ ಮೇಲೆ ಹಿಂಡು ಹೊರಡಿಸಿಕೊಂಡು ರಸ್ತೆಗೆ ಬಂದಳು. ಎಂದಿನಂತೆ ತಾನು ದಾಟಿದಳು. ಒಂದು ಟ್ರ್ಯಾಕ್ಟರು ಹೋಯಿತು. ಮುಂದಿನದರ ಸದ್ದು ದೂರವಿತ್ತು, ತಿರುವಿನ ಆಚೆ. ಬೆರಳಿಟ್ಟು ಸಿಳ್ಳು ಹಾಕಿದಳು.

ಚಂದ್ರ್ಯಾ ತಲೆ ಎತ್ತಿದ. ಅವಳನ್ನು ನೋಡಿದ. ನೋಡಿ, ತಲೆ ತಗ್ಗಿಸಿ ನಿಂತ.

ಎರಡನೆಯ ಸಿಳ್ಳಿಗೆ ಹಿಂದಕ್ಕೆ ಸರಿದ, ಹಗ್ಗ ಇನ್ನೂ ಕೊರಳಲ್ಲಿದ್ದ ಹಾಗೆ. ಹಿಂದಿದ್ದ ಕುರಿಗಳು ಮುಂದೆ ಬಂದವು. ಮುಂದಾಳು ಹೊರಡದ ಕಾರಣ ಕೆಲವು ರಸ್ತೆಗಿಳಿದವು, ಕೆಲವು ನಿಂತವು, ಕೆಲವು ನಡುವೆಯೇ ಸುತ್ತತೊಡಗಿದವು. ಯಲ್ಲಕ್ಕ ಕೂಗುತ್ತ ಓಡಿ ಬರುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರು ತಿರುವು ದಾಟಿತ್ತು. ಚಾಲಕ ರಾಚಪ್ಪ ಅದೇ ದಾರಿಯವನು, ಅವಳ ಗುರುತಿನವನು. ಬ್ರೇಕಿನ ಮೇಲೆ ಎದ್ದು ನಿಂತುಬಿಟ್ಟ. ಹಿಂದಿನ ಡಬ್ಬಿ ಜಾರಿತು. ಗಬ್ಬದ ಕುರಿಯೊಂದು ಗಾಲಿಗೆ ಸಿಕ್ಕಿತು.

“ಯಕ್ಕಾ, ಏನ ಮಾಡಾಕತ್ತೀರಿ!” ರಾಚಪ್ಪ ಕೆಳಗೆ ಧುಮುಕಿ ಬಂದ. “ಇಷ್ಟ ವರ್ಷ ಆತು, ನಿಮ್ಮ ಕುರಿ ಒಂದ ದಿನ ಹಿಂಗ ಮಾಡಿಲ್ಲ. ನಾ ನಿಮ್ಮ ಸಿಳ್ಳು ಕೇಳಿ, ದಾಟಿರತಾವ ಬಿಡು ಅಂತ ಬಂದ್ನೆಲ್ಲ.”

ಯಲ್ಲಕ್ಕ ಸತ್ತ ಕುರಿಯ ಕಾಲು ಹಿಡಿದು ಬದಿಗೆ ಎಳೆದಳು. ಚಂದ್ರ್ಯಾ ರಸ್ತೆಯ ಅಂಚಿನಲ್ಲಿ ನಿಂತೇ ಇದ್ದ. ಸಿಳ್ಳು ಸುಳ್ಳೆಂದು ಅವನಿಗೆ ಕಲಿಸಲಾಗಿತ್ತು, ಅವನು ಕಲಿತಿದ್ದ. ಬೇಕಾದದ್ದನ್ನು ಕಲಿತಷ್ಟೇ ಚೊಕ್ಕವಾಗಿ ಬೇಡವಾದದ್ದನ್ನೂ ಕಲಿತಿದ್ದ.

ಕೊನೆಯ ಪಂದ್ಯ ಯಮಕನಮರಡಿಯಲ್ಲೇ ಇತ್ತು. ಹಿಂದಿನ ದಿನ ಯಲ್ಲಕ್ಕ ಒಬ್ಬಳೇ ಬಸ್ಸು ಹತ್ತಿದಳು. ತವರಿನ ಗೋಡೆಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಆಟಗಾರರು ಹೆಬ್ಬೆರಳಿನಷ್ಟು, ನಡುವೆ ಚಂದ್ರ್ಯಾ ಗೋಡೆಯಷ್ಟು. ಅಂಗಳದಲ್ಲಿ ಅಣ್ಣ, ಅತ್ತಿಗೆ ಗೌರಕ್ಕ, ಅಶೋಕ ಮೂವರೂ ಇದ್ದರು.

“ಬಾರವಾ. ಟಗರು ಎಲ್ಲೈತಿ? ಮುಂಜಾನಿ ಗಾಡಿ ಕಳಸಾಂವ ಇದ್ದೆ,” ಎಂದ ಮಾಲಿಂಗಪ್ಪ.

“ಟಗರು ಬರೂದಿಲ್ಲ.”

“ಜಡ್ಡ ಬಂದೈತೇನು?”

“ಜಡ್ಡಿಲ್ಲ. ನಾ ಕೊಡೂದಿಲ್ಲ ಯಣ್ಣಾ.”

ರಸ್ತೆಯಲ್ಲಿ ನಡೆದದ್ದನ್ನು ಅವಳು ಹೇಳಿದಳು, ಉಪ್ಪುಖಾರ ಹಚ್ಚಲಿಲ್ಲ. ಗೌರಕ್ಕನಿಗೆ ಮೊದಲು ಸಿಟ್ಟು ಬಂತು. “ನಾವೇನ ಅದಕ್ಕ ಬಡದೇವೇನಬೇ? ಗೋದಿ ತಿನ್ನಿಸೇವಿ, ಬೆಲ್ಲ ತಿನ್ನಿಸೇವಿ. ಲಗ್ನದಾಗ ನನ್ನ ಗಂಡಗ ಇಲ್ಲದ ಹಾರ ನಿನ್ನ ಟಗರಿಗೆ ಹಾಕೇವಿ.”

“ನಾವು ಟಗರು ಕಡದು ತಿನ್ನೂ ಮಂದಿ,” ಎಂದ ಮಾಲಿಂಗಪ್ಪ. “ಒಂದೀಟು ಹೊತ್ತು ಆಟದಾಗ ಕಟ್ಟಿದ್ರ ಪಾಪ ಬಂತೇನು?”

“ಕಡಿಯೂದು ಹೊಟ್ಟಿ ಸಲುವಾಗಿ. ಒಂದ ಏಟಿಗೆ ಮುಗೀತೈತಿ. ಇದು ಯಾತರ ಸಲುವಾಗಿ, ಹೇಳು?”

ಮಾಲಿಂಗಪ್ಪ ಮಾತು ಹೊರಳಿಸಿದ. “ಭಂಡಾರ ಮುಟ್ಟಿ ಮಾತು ಕೊಟ್ಟಿ,” ಎಂದ.

“ಕೊಟ್ಟೆ. ಮಾತು ಕೊಟ್ಟಾಕಿ ನಾ. ಟಗರು ಯಾರಿಗೂ ಮಾತು ಕೊಟ್ಟಿಲ್ಲ. ತಪ್ಪುಗಾಣಿಕಿ ನಾ ಹಾಕ್ತೇನಿ, ಮಂದಿ ಮುಂದ ಹಣಿ ನೆಲಕ್ಕ ಹಚ್ಚತೇನಿ. ನನ್ನ ಮಾತಿಗೆ ಅದರ ಕುತ್ತಿಗಿ ಯಾಕ ಸುಲೀಬೇಕು?”

“ಹಂಗಾರ ಬ್ಯಾರೆ ಟಗರು ತರ್ತೇವಿ. ಊರಾಗ ಟಗರಿಗೇನ ಬರಗಾಲ?”

“ತರ್ರಿ. ನಿಮ್ಮ ಕೈ ನಾ ಹಿಡಿಯಾಕ ಆಗೂದಿಲ್ಲ. ಆದ್ರ ಅದೂ ಟಗರ ಐತಿ. ನಂದೊಂದ ಉಳಿಸ್ಕೋಬೇಕು ಅಂತ ಬಂದಿಲ್ಲ ನಾ. ಆ ಹುಂಜ, ಆ ನಾಯಿ, ಯಾವುದೂ ನಿಮ್ಮ ಆಟ ಕೇಳಿಲ್ಲ. ಆಡಾವ್ರು ನೀವು, ಗೆಲ್ಲಾವ್ರು ನೀವು. ನಡಕ ಅವು ಯಾಕ?”

ಅಶೋಕ ತಲೆ ತಗ್ಗಿಸಿ ಕೂತಿದ್ದ. ಅವನ ಕಡೆ ತಿರುಗಿದಳು.

“ಅಶೋಕಾ, ಅಂಪಾಯರ್ ಸೀಟಿ ಊದತಾನ. ನೀ ಗೆರಿ ದಾಟಬೇಕನ್ನೂದರಾಗ ಯಾರರ ಹಿಂದಿಂದ ಅಂಗಿ ಹಿಡದು ಜಗ್ಗಿದ್ರ ಏನ ಮಾಡ್ತಿ?”

“ತಿರಗಿ ಕಪಾಳಕ್ಕ ಹಾಕ್ತೇನಿ.”

“ಅದು ಹಾಕಲಿಲ್ಲ ನೋಡು. ಅಷ್ಟ ಅದರ ತಪ್ಪು.”

ಮಾಲಿಂಗಪ್ಪ ಎದ್ದು ನಿಂತ. “ಈ ಸಲ ಪಂಚಮಿಗೆ ನಿನ್ನ ಕರ್ಯಾಕ ಈ ಮನಿಯಿಂದ ಯಾರೂ ಬರೂದಿಲ್ಲ. ತಿಳೀತಿಲ್ಲೋ?”

ಲಗ್ನವಾದಾಗಿನಿಂದ ಅವಳು ನಾಗರ ಪಂಚಮಿಗೆ ತವರಿಗೆ ಬಾರದ ವರ್ಷವಿಲ್ಲ. ಜೋಕಾಲಿಯ ಹಗ್ಗ ಕಟ್ಟುವ ಬೇವಿನ ಮರ ಅಂಗಳದಲ್ಲೇ ಇತ್ತು. ಅದರ ಕಡೆ ಅವಳು ನೋಡಲಿಲ್ಲ.

“ತಿಳೀತು,” ಎಂದಳು. “ಗೌರಕ್ಕಾ, ಒಂದು ಚರಿಗಿ ನೀರು ಕೊಡು.”

ತವರಿನಲ್ಲಿ ನೀರು ಮುಟ್ಟದೆ ಎದ್ದು ಹೋದರೆ ಸಂಬಂಧ ಕಡಿದಂತೆ. ಅವಳು ಪೂರ್ತಿ ಚರಿಗೆ ಕುಡಿದಳು, ಬಾಯಿ ಒರೆಸಿಕೊಂಡು ಬಸ್ಸಿಗೆ ನಡೆದಳು. ಕಡಿಯುವುದಿದ್ದರೆ ಅವರು ಕಡಿಯಲಿ.

ಮರುದಿನ ಮುಂಜಾನೆ ಮಸಗುಪ್ಪಿಯ ಬೀರಪ್ಪನ ಗುಡಿಯ ಮುಂದೆ ತಪ್ಪುಗಾಣಿಕೆ ಹಾಕಿದಳು. ಹಿರಿಯರು ಕೇಳಿದರು, ಅವಳು ಹೇಳಿದಳು, ಹಣೆ ನೆಲಕ್ಕೆ ಹಚ್ಚಿದಳು. ಟಗರಿಗಾಗಿ ಭಂಡಾರದ ಮಾತು ಮುರಿದವಳು ಎಂದು ಕೆಲವರು ನಕ್ಕರು. ಮುದಕವ್ವ ಎಂಬ ಹಣ್ಣುಮುದುಕಿ ಮಾತ್ರ, “ಬೀರಪ್ಪನೂ ಕುರಿ ಕಾದಾಂವ. ಅವಗ ತಿಳೀತೈತಿ ಬಿಡ್ರಿ,” ಎಂದು ಹಾಳೆಯಂಥ ಕೈಯಿಂದ ಅವಳ ಹಣೆಗೆ ಭಂಡಾರ ಹಚ್ಚಿದಳು.

ಕೊನೆಯ ಪಂದ್ಯದಲ್ಲಿ ಏನಾಯಿತೆಂದು ತಿಳಿದದ್ದು ರಾಚಪ್ಪನಿಂದ. ಅವನು ಆಟ ನೋಡಲು ಹೋಗಿದ್ದ. ರಸ್ತೆಯಲ್ಲಿ ಟ್ರ್ಯಾಕ್ಟರು ನಿಲ್ಲಿಸಿ ಹೇಳಿದ.

“ನಿಮ್ಮ ಅಣ್ಣಾರು ಬ್ಯಾರೆ ಟಗರು ತಂದಿದ್ರು ಯಕ್ಕಾ. ಗಾಡಿಯಿಂದ ಇಳಸಿದ್ರು, ಡಿ.ಜೆ. ಹಚ್ಚಿದ್ರು. ಅದು ಗಾಲಿ ಸಂದ್ಯಾಗ ಹೊಕ್ಕು ಕುಂತ ಬಿಡ್ತು. ಜಗ್ಗಿದ್ರ ಬರವಲ್ದು, ನಿಂತಲ್ಲೇ ಉಚ್ಚಿ ಹೊಯ್ಯಾಕತ್ತು. ನಿಮ್ಮ ಅಳಿಯಾ ಬಂದು ನೋಡಿದ. ಒಂದ ಮಾತಂದ: ಹೊಳ್ಳಿ ಒಯ್ಯಿರಿ ಇದನ್ನ. ಅವರಪ್ಪ ಬೈದ್ರು, ಟೀಮಿನವ್ರು ಬೈದ್ರು. ಇದು ಅಂಗಳದಾಗ ಬಂದ್ರ ನಾ ಅಂಗಳಕ್ಕ ಬರೂದಿಲ್ಲ ಅಂದ.”

“ಆಮ್ಯಾಲ?”

“ಆಮ್ಯಾಲ ಏನೈತಿ, ಸೋತ್ರು. ಟಗರು ಇಲ್ಲದ್ದಕ್ಕ ಸೋತ್ರು ಅಂತ ಊರೆಲ್ಲ ಅನ್ನಾಕತ್ತೈತಿ.”

“ಅದು ರೇಡು ಹೋಗ್ತಿತ್ತೇನೋ ಮತ್ತ,” ಎಂದಳು ಯಲ್ಲಕ್ಕ. ರಾಚಪ್ಪ ನಕ್ಕ. ಅವಳು ನಗಲಿಲ್ಲ.

ಸಿಳ್ಳನ್ನು ಅವಳು ಅಂದಿನಿಂದ ಹಾಕಲಿಲ್ಲ. ಸುಳ್ಳಾದ ಕರೆಯನ್ನು ಇನ್ನಷ್ಟು ಜೋರಾಗಿ ಕರೆದು ಖರೆ ಮಾಡಲು ಆಗುವುದಿಲ್ಲ. ಬೇರೆ ಕರೆ ಬೇಕಾಗಿತ್ತು. ಸಿದ್ರಾಯನ ಬಳಿ ಒಂದಿತ್ತು. ಹಲ್ಲು ಹೋದ ಮೇಲೆ ಅವನು ಕಟ್ಟೆಯ ಮೇಲೆ ಕೂತು, ಬೇಸರಕ್ಕೆ ತುಟಿ ನಡುಗಿಸಿ ‘ಬುರ್ರ್ರ್’ ಎಂದು ಉದ್ದಕ್ಕೆ ದನಿ ತೆಗೆಯುತ್ತಿದ್ದ. ಅದಕ್ಕೆ ಹಲ್ಲು ಬೇಡ. ಜಗತ್ತಿನ ಯಾವ ಅಂಪೈರೂ ಹಾಗೆ ಊದುವುದಿಲ್ಲ.

“ಕಲಿಸ್ರಿ,” ಎಂದಳು.

“ಏ ಯಲ್ಲಿ, ಇಷ್ಟ ವರ್ಷಕ್ಕ ನನ್ನ ಕಡೆ ಒಂದ ಬಿದ್ಯಾ ಐತಿ ಅಂತ ತಿಳೀತೇನ ನಿನಗ?” ಸಿದ್ರಾಯ ಕಟ್ಟೆ ಇಳಿದು ಬಂದ. ಅವಳ ತುಟಿಯಿಂದ ಮೊದಮೊದಲು ಉಗುಳೇ ಹಾರಿತು. ಅವನು ನಕ್ಕು ನಕ್ಕು ಕೆಮ್ಮಿದ.

ದೊಡ್ಡಿಯಲ್ಲಿ, ಹೊಲದಲ್ಲಿ, ಹಗ್ಗವಿಲ್ಲದೆ, ಒಂದು ಮಾರು ದೂರದಿಂದ ಕರೆಯತೊಡಗಿದಳು. ಚಂದ್ರ್ಯಾ ಬಂದರೆ ಕಾಳು. ಬಾರದಿದ್ದರೆ ತಾನೇ ಹೋಗಿ ಕೋಡಿನ ನಡುವೆ ತುರಿಸಿ ಬರುವಳು. ಅವಸರ ಮಾಡಲಿಲ್ಲ. ಅವನು ಆ ಕರೆಗೆ ಬರುವ ತನಕ ರಸ್ತೆಯ ಆಚೆ ಹಿಂಡನ್ನು ಒಯ್ಯಲೂ ಇಲ್ಲ. ಈಚೆ ಕಡೆಯ ಮೇವು ತೀರುತ್ತ ಬಂತು.

ಕಬ್ಬಿನ ಕಾಲ ಮುಗಿಯುವ ಮುಂಚೆ ಒಂದು ದಿನ ಅಶೋಕ ಬೈಕಿನ ಮೇಲೆ ಬಂದ. ಹಿಂದೆ ಸುರುಳಿ ಸುತ್ತಿದ ಫ್ಲೆಕ್ಸ್ ಕಟ್ಟಿದ್ದ.

“ಅಪ್ಪ ಒಲಿಗೆ ಹಾಕು ಅಂದ. ದೊಡ್ಡಿಗೆ ನೆರಳ ಆಗ್ತೈತಿ ಅಂತ ತಂದೆ ಅತ್ತಿ.”

“ನಿಮ್ಮಪ್ಪ ಮಾತಾಡ್ತಾನೇನು ನಿನ್ನ ಕೂಡ?”

“ಒಲಿಗೆ ಹಾಕು ಅಂದನಲ್ಲ. ಅದ ಮೊದಲನೇ ಮಾತು.” ಅಶೋಕ ಹಲ್ಲು ಕಿರಿದ. “ಪಂಚಮಿ ಇನ್ನೂ ದೂರ ಐತಿ.”

ಯಲ್ಲಕ್ಕ ಫ್ಲೆಕ್ಸನ್ನು ಇಸಿದುಕೊಂಡು ದೊಡ್ಡಿಯ ಬದಿಗಿಟ್ಟಳು. “ಬಂದೀದಿ, ಕೆಲಸ ಮಾಡು. ಕುರಿ ದಾಟಿಸೂದೈತಿ.”

ರಸ್ತೆಗೆ ಬಂದರು. ಹಿಂಡಿನ ಹಿಂದೆ ಸಿದ್ರಾಯ ನಿಂತ. ಅಶೋಕ ತಿರುವಿನಲ್ಲಿ ಬೈಕನ್ನು ಅಡ್ಡ ಹಚ್ಚಿದ. ಅಷ್ಟರಲ್ಲಿ ರಾಚಪ್ಪನ ಟ್ರ್ಯಾಕ್ಟರು ಬಂದು, ಉಸಿರುಬಿಟ್ಟು ನಿಂತಿತು.

“ಏನಪಾ ಹುಕ್ಕೇರಿ ಟಗರು, ಆಟದಾಗ ಸೋತು ಇಲ್ಲಿ ಅಂಪಾಯರ್ಕಿ ಹಚ್ಚೀಯೇನು?”

“ಸೀಟಿ ಇಲ್ಲದ ಅಂಪಾಯರ್ಕಿ ಕಾಕಾ. ಹಾರ್ನ್ ಹೊಡೀಬ್ಯಾಡ್ರಿ.”

ಯಲ್ಲಕ್ಕ ದಾಟಿದಳು. ತಿರುಗಿ ನಿಂತು, ಉಡಿ ಹಿಡಿದು, ತುಟಿ ನಡುಗಿಸಿದಳು. ದನಿ ಅಂಥ ಜೋರಿರಲಿಲ್ಲ. ಚಂದ್ರ್ಯಾ ತಲೆ ಎತ್ತಿದ. ಕೋಡಿನ ಕೆಂಪು ಬಣ್ಣ ಅರ್ಧ ಹೋಗಿತ್ತು, ಅರ್ಧ ಉಳಿದಿತ್ತು. ನೋಡಿದ. ಡಾಂಬರಿನ ಅಂಚಿಗೆ ಒಂದು ಕಾಲಿಟ್ಟು ಮತ್ತೆ ನಿಂತ. ಮತ್ತೊಮ್ಮೆ ಕರೆಯಬೇಕೆಂದು ಅವಳ ತುಟಿಗೆ ಬಂದದ್ದನ್ನು ಅಲ್ಲೇ ತಡೆದಳು. ಒಮ್ಮೆ ಕರೆದಾಗಿತ್ತು, ಇನ್ನು ಕಾಯುವುದು ತನ್ನ ಕೆಲಸ.

ಟ್ರ್ಯಾಕ್ಟರಿನ ಹಿಂದೆ ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೆಳಗಿಳಿದು, “ಏನ್ರೀ ಇದು, ಲಗ್ನದ ಮೆರವಣಿಗಿ ಏನು?” ಎಂದ. ಅಶೋಕ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದ.

ಚಂದ್ರ್ಯಾ ದಾಟಿದ. ಓಡಲಿಲ್ಲ, ನಡೆದು ಬಂದ. ಅವನ ಹಿಂದೆ ಹಿಂಡು ಬಂತು, ಮರಿಗಳು ಕೊನೆಗೆ, ಅವುಗಳ ಹಿಂದೆ ಸಿದ್ರಾಯ. ಯಲ್ಲಕ್ಕ ಉಡಿಯಿಂದ ಒಂದು ಹಿಡಿ ಗೋವಿನಜೋಳ ತೆಗೆದು ಅಂಗೈ ಚಾಚಿದಳು. ಟಗರು ತಿಂದು ಮುಗಿಸುವ ತನಕ ಅಶೋಕ ಬಸ್ಸಿಗೂ ದಾರಿ ಬಿಡಲಿಲ್ಲ.